ಹೊಳೆ ಇಲ್ಲದ ಹೊಳೆದಂಡೆಗೆ ಸ್ವಾಗತ

ಆ ರೀಲ್ಸ್ ನಿಮಗೂ ಬಂದಿರುತ್ತದೆ ಬಿಡಿ. ಡ್ರೋನ್ ಮೇಲಿಂದ ಇಳಿಯುತ್ತದೆ. ಮಂಜು, ಬೆಟ್ಟ, ಕಿತ್ತಳೆ ಬಣ್ಣದ ಟೆಂಟುಗಳು, ಹಿಂದೆ ಕೊಳಲು. ಆಮೇಲೆ ಅಕ್ಷರ ಮೂಡುತ್ತವೆ: 'ಬೆಂಗಳೂರಿನಿಂದ ಒಂದೂವರೆ ಗಂಟೆ, ಬೆಟ್ಟದ ಕಣಿವೆಯಲ್ಲಿ, ಹರಿಯುವ ನದಿಯ ಪಕ್ಕದಲ್ಲಿ ಕ್ಯಾಂಪಿಂಗ್'. ಜಾಗ ಯಾವುದು ಅಂತ ನೋಡಿದರೆ ನಮ್ಮ ಚಿಕ್ಕಬಳ್ಳಾಪುರ!

ಹರಿಯುವ ನದಿ ಯಾವ ಕಡೆಯಿಂದ ಬಂತು ಅಂತ ಮನೆಯಲ್ಲಿ ವಿಚಾರಿಸಿದೆ. ಯಾರಿಗೂ ಗೊತ್ತಿಲ್ಲ. ಜಿಲ್ಲೆಯಲ್ಲಿ ನೀರು ಎಲ್ಲೆಲ್ಲಿದೆ ಅಂತ ಭೂಗರ್ಭ ಇಲಾಖೆಗಿಂತ ಚೆನ್ನಾಗಿ ಬಲ್ಲವನು ನಮ್ಮ ಬೀದಿಗೆ ಬರುವ ಟ್ಯಾಂಕರ್‌ನವನು. ಅವನನ್ನು ಕೇಳಿದೆ. 'ನದಿನಾ? ಎಲ್ಲಿ ಸಾರ್? ಇದ್ರೆ ನಂಗೂ ಹೇಳಿ, ಎರಡು ಲೋಡ್ ತುಂಬ್ಕೊಂಡ್ ಬರ್ತೀನಿ' ಅಂದ.

ಹಾಗಂತ ನದಿಗೆ ನಮ್ಮಲ್ಲಿ ಬರವೇ? ಛೆ, ಛೆ. ನಂದಿ ಬೆಟ್ಟ ಮತ್ತು ಅದರ ಸುತ್ತಲಿನ ಬೆಟ್ಟಗಳಲ್ಲಿ ಹುಟ್ಟುವ ನದಿಗಳನ್ನು ಎಣಿಸಿ ನೋಡಿ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿ. ಸ್ಕೂಲಿನಲ್ಲಿ ಇದನ್ನು ಬಾಯಿಪಾಠ ಮಾಡಿಸುತ್ತಿದ್ದರು. ನಾವು ಒಂದನ್ನೂ ನೋಡದೆ ಪೂರ್ತಿ ಅಂಕ ತೆಗೆಯುತ್ತಿದ್ದೆವು. ನದಿ ಹುಟ್ಟಿಸುವುದರಲ್ಲಿ ನಮ್ಮನ್ನು ಮೀರಿಸುವ ಜಿಲ್ಲೆ ಇಲ್ಲ. ಸಾಕುವುದು ಮಾತ್ರ ನಮ್ಮ ಇಲಾಖೆಗೆ ಬರುವುದಿಲ್ಲ.

ತುಮಕೂರಿನವರೂ ಕಮ್ಮಿ ಇಲ್ಲ. ದೇವರಾಯನದುರ್ಗದಲ್ಲಿ ಜಯಮಂಗಲಿಯನ್ನು ಹುಟ್ಟಿಸಿ ಕೊರಟಗೆರೆ, ಮಧುಗಿರಿ ಕಡೆ ಕಳಿಸಿದರು. ದಾರಿಯುದ್ದಕ್ಕೂ ಲಾರಿಗಳು ಅದರ ಮರಳು ಹೊತ್ತುಕೊಂಡು ಹೋದವು. ಕೋಲಾರದಲ್ಲಂತೂ ಹೊಳೆ ಮರಳು ಮುಗಿದ ಮೇಲೆ ಕೆರೆ ಅಂಗಳದ ಮಣ್ಣನ್ನೇ ತೊಳೆದು ಮರಳು ಮಾಡಿದರು. ಫಿಲ್ಟರ್ ಮರಳು. ಇಲ್ಲದ ನೀರಿನಲ್ಲಿ ಮಣ್ಣು ತೊಳೆದು ಬೆಂಗಳೂರಿಗೆ ಬಿಲ್ಡಿಂಗ್ ಕಟ್ಟಿಕೊಟ್ಟ ಪವಾಡ ಅದು. ಆ ಬಿಲ್ಡಿಂಗಿನ ಹನ್ನೆರಡನೇ ಮಹಡಿಯಲ್ಲಿ ಕೂತವರು ಈಗ ನದಿ ದಂಡೆ ಹುಡುಕಿಕೊಂಡು ನಮ್ಮ ಕಡೆ ಬರುತ್ತಿದ್ದಾರೆ. ಬರಲಿ ಪಾಪ. ಅವರ ಗೋಡೆಯಲ್ಲೇ ಇದೆ ನಮ್ಮ ದಂಡೆ.

ನಿಜವಾದ ನದಿ ಕಣಿವೆಯೇ ಬೇಕು ಅನ್ನುವವರು ಏನು ಮಾಡುತ್ತಾರೆ ಗೊತ್ತಲ್ವಾ? ಗಂಡಿಕೋಟಕ್ಕೆ ಹೋಗುತ್ತಾರೆ. ಶುಕ್ರವಾರ ರಾತ್ರಿ ಹೈದರಾಬಾದ್ ಹೆದ್ದಾರಿಯಲ್ಲಿ ನಮ್ಮೂರು ದಾಟಿ, ಬಾಗೇಪಲ್ಲಿ ದಾಟಿ, ಆಂಧ್ರದ ಕಡಪ ಜಿಲ್ಲೆಯವರೆಗೆ ಕಾರು ಓಡಿಸುತ್ತಾರೆ. ಎರ್ರಮಲ ಬೆಟ್ಟವನ್ನು ಸೀಳಿಕೊಂಡು ಹೋದ ಆ ಕಣಿವೆಯ ಅಂಚಿನಲ್ಲಿ ಟೆಂಟು ಹಾಕಿ, ಕೆಳಗೆ ಬಗ್ಗಿ, 'ಅಬ್ಬಾ, ಇಂಡಿಯಾದ ಗ್ರ್ಯಾಂಡ್ ಕ್ಯಾನಿಯನ್' ಅನ್ನುತ್ತಾರೆ. ಆ ಕಣಿವೆ ಕೊರೆದ ಪೆನ್ನಾ ನದಿ ಯಾರು? ನಮ್ಮ ಉತ್ತರ ಪಿನಾಕಿನಿ! ಇಲ್ಲೇ ಚನ್ನಕೇಶವ ಬೆಟ್ಟದಲ್ಲಿ ಹುಟ್ಟಿ, ಗೌರಿಬಿದನೂರು ದಾಟಿ, ಒಟ್ಟು 597 ಕಿಲೋಮೀಟರ್ ನಡೆದು ನೆಲ್ಲೂರಿನ ಹತ್ತಿರ ಸಮುದ್ರ ಸೇರುವ ನಮ್ಮ ಹುಡುಗಿ. ತವರಿನಲ್ಲಿ ಅವಳಿಗೆ ಒಂದು ಲೋಟ ನೀರು ಕೊಟ್ಟವರಿಲ್ಲ. ಗಂಡನ ಮನೆಯಲ್ಲಿ ಅವಳನ್ನು ನೋಡಲು ನಾವೇ ದುಡ್ಡು ಕೊಟ್ಟು ಟೆಂಟು ಬುಕ್ ಮಾಡುತ್ತೇವೆ. ಅಲ್ಲಿಯ ಜಲಾಶಯ ತುಂಬುವುದೂ ಶ್ರೀಶೈಲದ ಕಡೆಯಿಂದ ತಂದ ಕೃಷ್ಣಾ ನೀರಿನಿಂದ. ಅವರೂ ಇನ್ನೊಬ್ಬರ ನದಿ ತಂದು ನಮ್ಮ ನದಿಗೆ ಸುರಿದಿದ್ದಾರೆ. ಆದರೂ ಅವರು ಸುರಿದರು, ಅಷ್ಟಾದರೂ ಮಾಡಿದರು.

ಇರಲಿ. ಗಂಡಿಕೋಟ ದೂರವಾಯಿತು, ಇಲ್ಲೇ ಎಲ್ಲಾದರೂ ಮಲಗೋಣ ಅನ್ನುವವರಿಗೆ ಜಾಗ ಆರಿಸಲು ಸಹಾಯ ಮಾಡುವುದು ಸ್ಥಳೀಯನಾಗಿ ನನ್ನ ಧರ್ಮ. ಕಾಡು ಸುತ್ತುವುದರಲ್ಲಿ ಪಳಗಿದವರ ನಿಯಮಗಳನ್ನು ಓದಿಕೊಂಡೇ ಹೇಳುತ್ತಿದ್ದೇನೆ.

ನೀರಿನಿಂದ ಕನಿಷ್ಠ 200 ಅಡಿ ದೂರದಲ್ಲಿ ಟೆಂಟು ಹಾಕಬೇಕಂತೆ. ನದಿ ಕೊಳೆಯಾಗಬಾರದು, ನೀರು ಕುಡಿಯಲು ಬರುವ ಪ್ರಾಣಿಗಳಿಗೆ ತೊಂದರೆ ಆಗಬಾರದು ಅಂತ. ನಮ್ಮ ಜಿಲ್ಲೆಗಳಲ್ಲಿ ಈ ನಿಯಮ ಮುರಿಯುವುದೇ ಕಷ್ಟ. ಇಲ್ಲಿ ಎಲ್ಲೇ ಟೆಂಟು ಹಾಕಿದರೂ ನೀವು ನೀರಿನಿಂದ 1,200 ಅಡಿ, 1,500 ಅಡಿ ದೂರದಲ್ಲೇ ಇರುತ್ತೀರಿ. ನೆಟ್ಟಗೆ ಕೆಳಕ್ಕೆ. ಬೋರ್‌ವೆಲ್ ಲಾರಿಯವರನ್ನು ಕೇಳಿ, ಅಡಿ ಲೆಕ್ಕದಲ್ಲಿ ಬಿಲ್ ಸಮೇತ ಹೇಳುತ್ತಾರೆ.

ಒಣಗಿದ ಮರದ ಕೆಳಗೆ ಮಲಗಬೇಡಿ ಅನ್ನುತ್ತಾರೆ. ಇಲ್ಲಿ ಆ ಚಿಂತೆಯೂ ಬೇಡ. ಇರುವುದೆಲ್ಲ ನೀಲಗಿರಿ, ಹಸಿರಾಗಿಯೇ ಇರುತ್ತವೆ. ಸುತ್ತಲಿನದನ್ನೆಲ್ಲ ಒಣಗಿಸಿ ತಾವು ಹಸಿರಾಗಿರುವುದು ಅವುಗಳ ಸ್ವಭಾವ. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟು ಹೊತ್ತಿಗೆ ನೆಡಲು ಜಾಗವೂ ಉಳಿದಿರಲಿಲ್ಲ ಅನ್ನಿ.

ಬಂಡೆ ಉರುಳುವ ಕಡೆ ಟೆಂಟು ಬೇಡ ಅನ್ನುವುದು ಇನ್ನೊಂದು ನಿಯಮ. ಈ ವಿಷಯದಲ್ಲಿ ನಮ್ಮ ಕ್ರಷರ್ ಮಾಲೀಕರ ಮುಂದಾಲೋಚನೆ ಮೆಚ್ಚಬೇಕು. ಬಂಡೆ ಇದ್ದರೆ ತಾನೇ ಉರುಳುವುದು? ಬೆಟ್ಟವನ್ನೇ ಪುಡಿ ಮಾಡಿ ಟಿಪ್ಪರ್‌ಗೆ ತುಂಬುತ್ತಿದ್ದಾರೆ. ರಾತ್ರಿ ಟೆಂಟಿನೊಳಗೆ ನೆಲ ಅದುರಿದರೆ ಭೂಕಂಪ ಅಂದುಕೊಂಡು ಹೊರಗೆ ಓಡಬೇಡಿ. ಓಡಿದರೂ ಪರವಾಗಿಲ್ಲ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿ ಹತ್ತಿರ ಬಂಡೆ ಸಿಡಿಸುವ ಜಿಲೆಟಿನ್ ಸ್ಫೋಟಿಸಿ ಆರು ಜನ ಸತ್ತರು. ಆಗಲೂ ನೆಲ ಅದುರಿತ್ತು.

ಇನ್ನು ಕಣಿವೆಯ ತಳದಲ್ಲಿ ಮಲಗಬೇಡಿ, ರಾತ್ರಿ ತಣ್ಣನೆ ಗಾಳಿ ಅಲ್ಲಿ ಇಳಿದು ಕೂರುತ್ತದೆ ಅನ್ನುತ್ತಾರೆ. ಗಾಳಿ ಒಂದೇ ಅಲ್ಲ ಸ್ವಾಮಿ, ಡಿಜೆ ಕೂಡ ಇಳಿದು ಕೂರುತ್ತದೆ. ಒಂದು ಕ್ಯಾಂಪಿನಲ್ಲಿ ಹಾಕಿದ ಹಾಡು ಎದುರು ಬೆಟ್ಟಕ್ಕೆ ಬಡಿದು ಮೂರು ಹಳ್ಳಿಗೆ ಕೇಳುತ್ತದೆ. ಪ್ರಕೃತಿಯ ಮೌನ ಅನುಭವಿಸಲು ಬಂದವರು ಬೆಳಗಿನ ಜಾವ ಎರಡರವರೆಗೆ ಅನುಭವಿಸುತ್ತಾರೆ. ಎಸ್ಸೆಸ್ಸೆಲ್ಸಿ ಓದುವ ಮಕ್ಕಳು ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ. ಚಿರತೆಗಳೂ ಮುಂದಿನ ಗುಡ್ಡಕ್ಕೆ ಹೋಗಿವೆ. ಅವಕ್ಕೆ ಇಟ್ಟುಕೊಳ್ಳಲು ಹತ್ತಿ ಇಲ್ಲ.

ಕ್ಯಾಂಪಿಂಗ್ ಅಂದರೆ ಬೆಂಗಳೂರಿನ ಐಟಿಯವರು ಕಂಡುಹಿಡಿದದ್ದು ಅಂತ ಒಂದು ನಂಬಿಕೆ ಇದೆ. ನಮ್ಮ ಕಡೆ ಊರಿಗೊಂದು ಗುಂಡುತೋಪು ಇತ್ತು. ಮಾವು, ಹುಣಸೆ, ನೇರಳೆ, ಹೊಂಗೆ. ಗಾಡಿ ಬಿಚ್ಚಿ, ಎತ್ತು ಕಟ್ಟಿ, ಮೂರು ಕಲ್ಲು ಹೂಡಿ ಮುದ್ದೆ ಬೇಯಿಸಿಕೊಂಡು ಮಲಗುವ ಜಾಗ. ಪಕ್ಕದಲ್ಲೇ ಕುಂಟೆಯೋ, ಕೆರೆಯೋ, ಕಲ್ಯಾಣಿಯೋ ಇದ್ದೇ ಇರುತ್ತಿತ್ತು. ಬೇಸಿಗೆಯಲ್ಲಿ ಅರವಟ್ಟಿಗೆ ಇಟ್ಟು ನೀರುಮಜ್ಜಿಗೆ ಕೊಡುತ್ತಿದ್ದರು. ಶಿವರಾತ್ರಿಗೆ ನಂದಿಯ ಭೋಗನಂದೀಶ್ವರನ ಜಾತ್ರೆ, ಮುಳಬಾಗಿಲು ಕಡೆ ಆವಣಿಯ ದನಗಳ ಜಾತ್ರೆ. ಜನ, ದನ ಎಲ್ಲ ಬಯಲಿನಲ್ಲೇ ದಿನಗಟ್ಟಲೆ ಇರುತ್ತಿದ್ದವು. ಜಾಗ ಆರಿಸಿದವರಿಗೆ ನೆರಳು ಎಲ್ಲಿ, ನೀರು ಎಲ್ಲಿ, ಗಾಳಿ ಯಾವ ಕಡೆಯಿಂದ ಅಂತ ಗೊತ್ತಿತ್ತು. ಬುಕಿಂಗ್ ಇರಲಿಲ್ಲ, ಚೆಕ್-ಔಟ್ ಟೈಮ್ ಇರಲಿಲ್ಲ. ಬೆಳಿಗ್ಗೆ ಎದ್ದು ಸಗಣಿ ಬಿಟ್ಟು ಹೋಗುತ್ತಿದ್ದರು, ಅದು ಗೊಬ್ಬರವಾಗುತ್ತಿತ್ತು. ಈಗ ಬಿಟ್ಟು ಹೋಗುವ ಬಾಟಲಿ ಏನಾಗುತ್ತದೋ ಗ್ರಾಮ ಪಂಚಾಯ್ತಿಯವರೇ ಹೇಳಬೇಕು. ಗುಂಡುತೋಪುಗಳ ಕಥೆ ಕೇಳಬೇಡಿ. ಕೆಲವು ಲೇಔಟ್ ಆದವು, ಕೆಲವು ಬಸ್ ಸ್ಟ್ಯಾಂಡ್ ಆದವು, ಕೆಲವು ಯಾರದೋ ಪಹಣಿಯೊಳಗೆ ನುಗ್ಗಿ ಮಲಗಿವೆ. ಹೊಳೆ ಖರಾಬು, ಅಂದರೆ ಹೊಳೆಗೆ ಸೇರಿದ ಜಾಗ, ಅಂತ ನಕ್ಷೆಯಲ್ಲಿ ಇದ್ದದ್ದು ಈಗ 'ರಿವರ್ ವ್ಯೂ ಕಾಟೇಜ್' ಆಗಿದೆ. ಒಂದು ರೀತಿಯಲ್ಲಿ ಬೋರ್ಡಿನವರು ಸುಳ್ಳು ಹೇಳಿಲ್ಲ. ಕಾಟೇಜು ನದಿಯ ಪಕ್ಕದಲ್ಲಿ ಇಲ್ಲ, ನದಿಯ ಒಳಗೇ ಇದೆ.

'ಸುಮ್ನೆ ಹೇಳಬೇಡಿ, ರೀಲ್ಸ್‌ನಲ್ಲಿ ನೀರು ಕಾಣಿಸುತ್ತಿತ್ತಲ್ಲ' ಅಂತ ನೀವು ಕೇಳಬಹುದು. ಕಾಣಿಸುತ್ತದೆ. ಅದು ಕೆರೆ. ಆ ಕೆರೆಗೆ ಬಂದ ನೀರು ಎಚ್‌ಎನ್ ವ್ಯಾಲಿಯದ್ದು. ಹೆಬ್ಬಾಳ, ನಾಗವಾರದ ಕಣಿವೆಯ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಪೈಪಿನಲ್ಲಿ ನಮ್ಮ ಕೆರೆಗಳಿಗೆ ಕಳಿಸುತ್ತಾರೆ. ಯೋಜನೆಯ ಲೆಕ್ಕದಲ್ಲಿ ದಿನಕ್ಕೆ 21 ಕೋಟಿ ಲೀಟರ್, 65 ಕೆರೆ. ಕೋಲಾರಕ್ಕೆ ಕೋರಮಂಗಲ, ಚಲ್ಲಘಟ್ಟದ ಕೆಸಿ ವ್ಯಾಲಿ. ಅದು 44 ಕೋಟಿ ಲೀಟರ್, 126 ಕೆರೆ. ನೋಡಿ, ಕೊನೆಗೂ 'ಕಣಿವೆಯ ನೀರು' ಸಿಕ್ಕಿತು! ಗುರುವಾರ ನೀವು ಬೆಂಗಳೂರಿನಲ್ಲಿ ಫ್ಲಶ್ ಮಾಡಿದ್ದು ಶನಿವಾರ ಸಂಜೆ ನಿಮ್ಮ ಟೆಂಟಿನ ಎದುರು ಸೂರ್ಯಾಸ್ತದಲ್ಲಿ ಹೊಳೆಯುತ್ತಿರುತ್ತದೆ. ಜೊತೆಗೆ ಸೆಲ್ಫಿ ತೆಗೆದುಕೊಳ್ಳಿ, ಹಳೆಯ ಪರಿಚಯ.

ಇದರಲ್ಲಿ ನ್ಯಾಯವೂ ಇದೆ ಅನ್ನಬೇಕು. ನಂದಿಯಲ್ಲಿ ಹುಟ್ಟುವ ಅರ್ಕಾವತಿಯ ನೀರನ್ನು ಹೆಸರಘಟ್ಟದಿಂದ, 1933ರ ನಂತರ ತಿಪ್ಪಗೊಂಡನಹಳ್ಳಿಯಿಂದ, ಬೆಂಗಳೂರು ವರ್ಷಗಟ್ಟಲೆ ಕುಡಿಯಿತು. ಕುಡಿದದ್ದನ್ನು ಈಗ ವಾಪಸು ಕೊಡುತ್ತಿದ್ದಾರೆ. ಸಾಲ ತೀರಿಸುವವರು ಇಷ್ಟು ಪ್ರಾಮಾಣಿಕರು ಎಲ್ಲಿದ್ದಾರೆ?

ತಮಾಷೆ ಸಾಕು. 2018ರಲ್ಲಿ ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂದಾಗ ನೊರೆ ಎದ್ದದ್ದನ್ನು ಎಲ್ಲರೂ ನೋಡಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಅಂತ ಶಾಶ್ವತ ನೀರಾವರಿ ಹೋರಾಟ ಸಮಿತಿಯವರು ಕೇಳಿ ಕೇಳಿ ಗಂಟಲು ಒಣಗಿಸಿಕೊಂಡರು. ಪಶ್ಚಿಮ ಘಟ್ಟದ ನೀರನ್ನು ನಮ್ಮ ಕಡೆಗೆ ತರುವ ಎತ್ತಿನಹೊಳೆ ಯೋಜನೆಗೆ ನಮ್ಮ ಚಿಕ್ಕಬಳ್ಳಾಪುರದಲ್ಲೇ ಶಂಕುಸ್ಥಾಪನೆ ಆದದ್ದು 2014ರಲ್ಲಿ. ಆ ವರ್ಷ ಹುಟ್ಟಿದ ಮಗು ಈಗ ಹೈಸ್ಕೂಲಿನ ಹೊಸ್ತಿಲಲ್ಲಿದೆ. ಎಂಟು ಸಾವಿರ ಚಿಲ್ಲರೆ ಕೋಟಿಯ ಯೋಜನೆ 23 ಸಾವಿರ ಕೋಟಿ ದಾಟಿತು. 2024ರ ಸೆಪ್ಟೆಂಬರ್‌ನಲ್ಲಿ ಸಕಲೇಶಪುರದ ಕಡೆ ಮೊದಲ ಹಂತ ಉದ್ಘಾಟನೆ ಆಯಿತು, ಬಾಗಿನ ಬಿಟ್ಟರು, ಟೀವಿಯಲ್ಲಿ ನಾವೂ ನೋಡಿದೆವು. ನಮ್ಮ ನಲ್ಲಿಯಲ್ಲಿ ಬಂದದ್ದು ಗಾಳಿ. ಬಾಗೇಪಲ್ಲಿ ಕಡೆ ಫ್ಲೋರೈಡ್ ನೀರು ಕುಡಿದು ಹಲ್ಲು ಹಳದಿಯಾದ ಮಕ್ಕಳು, ಮಂಡಿ ಹಿಡಿದುಕೊಂಡು ಏಳುವ ಹೆಂಗಸರು ಇನ್ನೂ ಇದ್ದಾರೆ. 2025ರ ಜುಲೈನಲ್ಲಿ ನಂದಿ ಬೆಟ್ಟದ ಮೇಲೆ ಸಚಿವ ಸಂಪುಟ ಸಭೆಯನ್ನೇ ನಡೆಸಿದರು. ಅಷ್ಟು ನದಿ ಹುಟ್ಟುವ ಬೆಟ್ಟದ ಮೇಲೆ ಇಡೀ ಸರ್ಕಾರ ಹತ್ತಿ ಕೂತಿತು. ಬಾಗೇಪಲ್ಲಿಗೆ ಭಾಗ್ಯನಗರ ಅಂತ ಹೆಸರಿಡಲು ಒಪ್ಪಿಗೆ ಆಯಿತು. ಹೆಸರು ಯಾರಿಗೆ ಬೇಕಿತ್ತು ಮಾರಾಯರೇ? ಒಂದು ಕೊಡ ನೀರು ಕೇಳಿದ್ದೆವು.

ಹೋಗಲಿ. ಕ್ಯಾಂಪಿಗೆ ಬರೋಣ. ಜಾಹೀರಾತಿನಲ್ಲಿ 'ಕಯಾಕಿಂಗ್' ಅಂತಲೂ ಇದೆ. ಅದನ್ನು ನೋಡಲೆಂದೇ ಒಂದು ಭಾನುವಾರ ಆ ಕಡೆ ಹೋಗಿದ್ದೆ. ನಾನು ನೋಡಿದ ಕಯಾಕಿಂಗ್ ನಡೆದದ್ದು ಕೃಷಿ ಹೊಂಡದಲ್ಲಿ. ರೈತರು ಮಳೆ ನೀರು ಹಿಡಿದಿಡಲಿ ಅಂತ ಸರ್ಕಾರದ ಕೃಷಿ ಭಾಗ್ಯ ಯೋಜನೆಯಲ್ಲಿ ಸಬ್ಸಿಡಿ ಕೊಟ್ಟು ತೋಡಿಸಿ, ಕಪ್ಪು ಪ್ಲಾಸ್ಟಿಕ್ ಹಾಸುತ್ತಾರಲ್ಲ, ಆ ಥರದ್ದೇ ಹೊಂಡ. ಲೈಫ್ ಜಾಕೆಟ್ ಹಾಕಿಕೊಂಡ ಇಬ್ಬರು ಹುಟ್ಟು ಹಾಕಿದರೆ ನಾಲ್ಕನೇ ಹುಟ್ಟಿಗೆ ಆಚೆ ದಡ. ತಿರುಗಿಸಲು ಜಾಗ ಇಲ್ಲ, ಹಿಂದಕ್ಕೇ ಬರಬೇಕು. ಮೋಟರ್ ಹಾಕಲು ಬಂದ ತೋಟದ ಯಜಮಾನರು ದಡದಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು. 'ಆಯ್ತೇನಪ್ಪಾ ನಿಮ್ದು? ಟೊಮ್ಯಾಟೊಗೆ ನೀರು ಬಿಡ್ಬೇಕು' ಅಂದರು.

ಮುಖ್ಯವಾದ ನಿಯಮ ಒಂದು ಬಾಕಿ ಇದೆ. ಒಣಗಿದ ಹೊಳೆಯಲ್ಲಿ ಮಾತ್ರ ಟೆಂಟು ಹಾಕಬೇಡಿ. ಇದು ತಮಾಷೆ ಅಲ್ಲ. ಮಳೆ ಎಲ್ಲೋ ಮೇಲೆ ಬೀಳುತ್ತದೆ, ನೀವು ಮಲಗಿರುವ ಕಡೆ ನಕ್ಷತ್ರ ಕಾಣುತ್ತಿರುತ್ತವೆ, ನೀರು ರಾತ್ರೋರಾತ್ರಿ ಬರುತ್ತದೆ. 2021ರ ಆಗಸ್ಟ್‌ನ ಮಳೆಗೆ ನಂದಿ ಬೆಟ್ಟದ ರಸ್ತೆಯೇ ಕೊಚ್ಚಿಹೋಗಿ ತಿಂಗಳುಗಟ್ಟಲೆ ಬೆಟ್ಟ ಬಂದ್ ಆಗಿತ್ತು. ಅದೇ ನವೆಂಬರ್‌ನಲ್ಲಿ ಚಿತ್ರಾವತಿ ಉಕ್ಕಿ, ಅನಂತಪುರ ಜಿಲ್ಲೆಯಲ್ಲಿ ಹೊಳೆ ಮಧ್ಯೆ ಜೆಸಿಬಿ ಮೇಲೆ ಸಿಕ್ಕಿಕೊಂಡವರನ್ನು ವಾಯುಪಡೆಯ ಹೆಲಿಕಾಪ್ಟರ್ ಬಂದು ಎತ್ತಿಕೊಂಡು ಹೋಯಿತು. ಅವತ್ತು ನಮ್ಮ ಕಡೆ ಕೆರೆಗಳೆಲ್ಲ ಕೋಡಿ ಹರಿದವು. ದಾರಿ ಮುಚ್ಚಿದ್ದ ಕಡೆಯೆಲ್ಲ ನೀರು ತನ್ನ ಹಳೆಯ ದಾರಿಯಲ್ಲೇ ಹೋಯಿತು. ಅದರ ಹತ್ತಿರ ಪಹಣಿ ಇಲ್ಲ, ಆದರೆ ದಾರಿ ಚೆನ್ನಾಗಿ ನೆನಪಿದೆ.

ಹಾಗಾಗಿ, ಯಾರೋ ಬಂದು ಮೋಸ ಹೋಗಬಾರದು ಅಂತ, ಆ ಕ್ಯಾಂಪಿನ ನಂಬರ್‌ಗೆ ಫೋನ್ ಮಾಡಿದೆ. ಹುಡುಗ ಮರ್ಯಾದೆಯಿಂದಲೇ ಮಾತಾಡಿದ. ಟೆಂಟು, ಬಾರ್ಬೆಕ್ಯೂ, ಬಾನ್‌ಫೈರ್, ಬೆಳಿಗ್ಗೆ ಇಡ್ಲಿ ವಡೆ, ಎಲ್ಲ ಸೇರಿ ರೇಟು ಹೇಳಿದ.

'ನದಿ ಎಲ್ಲಪ್ಪಾ?' ಅಂದೆ.

'ಟೆಂಟ್ ಎದುರಿಗೇ ಸಾರ್.'

'ನೀರು ಇದೆಯಾ?'

'ಅದು ಸೀಸನಲ್ ಸಾರ್.'

'ಸೀಸನ್ ಯಾವಾಗ?'

ಸ್ವಲ್ಪ ಯೋಚನೆ ಮಾಡಿದ. 'ಇಪ್ಪತ್ತೊಂದರಲ್ಲಿ ಒಂದ್ಸಲ ಬಂದಿತ್ತು ಸಾರ್.'

'ಸರಿ, ಮಲಗಿದ್ದಾಗ ನದಿ ಬಂದುಬಿಟ್ಟರೆ ಏನು ಮಾಡುವುದು?'

'ಅದಕ್ಕೆ ರೀಫಂಡ್ ಇರಲ್ಲ ಸಾರ್' ಅಂದ.