ತುಪ್ಪ ನೀರಾ ಮಾರಾಯ?

ಕಾಸರಗೋಡಿನ ಕಡೆ ಗಲ್ಫಿಗೆ ಹೊರಟವರ ಪೆಟ್ಟಿಗೆ ಕಟ್ಟುವುದು ಒಬ್ಬರ ಕೆಲಸವಲ್ಲ. ಅಮ್ಮ ಮಿಡಿ ಉಪ್ಪಿನಕಾಯಿಯ ಭರಣಿ ಬಿಚ್ಚುತ್ತಾರೆ. ಅತ್ತೆ ಹಲಸಿನ ಹಣ್ಣು ಕಾಯಿಸಿ ಮಾಡಿದ ಮೆತ್ತಗಿನ ಬೆರಟಿ ತಂದು ಕೊಡುತ್ತಾರೆ. ತುಪ್ಪದ ಇಲಾಖೆ ಅಜ್ಜಿಯದು. ವಿಮಾನ ಹತ್ತುವುದು ಮಂಗಳೂರಲ್ಲೋ, 2018ರಲ್ಲಿ ಶುರುವಾದ ಕಣ್ಣೂರಲ್ಲೋ, ಚರ್ಚೆ ಮಾತ್ರ ಒಂದೇ: ಯಾವುದು ದೊಡ್ಡ ಪೆಟ್ಟಿಗೆಗೆ, ಯಾವುದು ಕೈಚೀಲಕ್ಕೆ?

"ತುಪ್ಪ ಕೈಚೀಲದಲ್ಲಿ ಬಿಡುವುದಿಲ್ಲ ಅಜ್ಜಿ. ಅದು ದ್ರವದ ಲೆಕ್ಕ."

"ತುಪ್ಪ ನೀರಾ ಮಾರಾಯ? ನೋಡು, ಕವುಚಿ ಹಾಕಿದರೂ ಬೀಳುವುದಿಲ್ಲ!"

ಅಜ್ಜಿಯ ವಾದದಲ್ಲಿ ಹುರುಳಿದೆ. ಆದರೆ ತಪಾಸಣೆಯವರ ಕಣ್ಣಿಗೆ ಸುರಿಯುವುದು, ಸವರುವುದು, ಚಿಮುಕಿಸುವುದು ಎಲ್ಲ ಒಂದೇ ಜಾತಿ. ಟೂತ್‌ಪೇಸ್ಟ್, ಜೇನು, ಜೋನಿಬೆಲ್ಲ, ಬೆರಟಿ, ಯಾವುದಕ್ಕೂ ವಿನಾಯಿತಿ ಇಲ್ಲ. ಧನುರ್ಮಾಸದ ಚಳಿಗೆ ಗಟ್ಟಿಯಾದ ತೆಂಗಿನೆಣ್ಣೆಗೂ ಇಲ್ಲ.

ಇಷ್ಟೆಲ್ಲ ಶುರುವಾದದ್ದು 2006ರ ಆಗಸ್ಟ್‌ನಲ್ಲಿ. ತಂಪು ಪಾನೀಯದ ಬಾಟಲಿಯಲ್ಲಿ ಸ್ಫೋಟಕ ದ್ರವ ತುಂಬಿಸಿ, ಅಟ್ಲಾಂಟಿಕ್ ದಾಟುವ ವಿಮಾನಗಳನ್ನು ಉಡಾಯಿಸಲು ಹೊರಟವರನ್ನು ಬ್ರಿಟನ್ನಿನ ಪೊಲೀಸರು ಹಿಡಿದರು. ಮೊದಲು ಕೈಚೀಲದ ದ್ರವಕ್ಕೆ ಪೂರಾ ನಿಷೇಧ ಬಂತು, ಆಮೇಲೆ ಅಳತೆಯ ನಿಯಮ. ಒಂದೊಂದು ಬಾಟಲಿ 100 ಮಿಲಿಲೀಟರ್ ಮೀರಬಾರದು, ಎಲ್ಲವೂ ಒಂದು ಲೀಟರಿನ ಪಾರದರ್ಶಕ ಚೀಲದೊಳಗೆ ಹಿಡಿಯಬೇಕು. ಮಗುವಿನ ಹಾಲಿಗೆ, ಔಷಧಿಗೆ ಸ್ವಲ್ಪ ರಿಯಾಯಿತಿ ಉಂಟು.

ಇದರಲ್ಲಿ ಜನರಿಗೆ ಜಾಸ್ತಿ ಸಿಟ್ಟು ಬರಿಸುವುದು ಬಾಟಲಿಯ ವಿಷಯ. ನೋಡುವುದು ಬಾಟಲಿಯ ಗಾತ್ರ, ಒಳಗಿರುವುದನ್ನಲ್ಲ. 200 ಮಿಲಿಲೀಟರ್ ಬಾಟಲಿಯ ತಳದಲ್ಲಿ ನಾಲ್ಕು ಚಮಚ ಎಣ್ಣೆ ಇದ್ದರೂ ಅದು ಹೊರಗೆ. ಎಷ್ಟು ಉಳಿದಿದೆ ಅಂತ ಸಾಲಿನಲ್ಲಿ ನಿಂತವರ ಒಂದೊಂದು ಬಾಟಲಿಯನ್ನೂ ಅಳೆಯುತ್ತ ಕೂತರೆ ವಿಮಾನ ಹೊರಟ ಹಾಗೆಯೇ, ಅಲ್ವಾ? ನ್ಯಾಯ ಅಲ್ಲದಿದ್ದರೂ ಸುಲಭದ ದಾರಿ ಅದು.

ನನಗೆ ಮೋಜೆನಿಸುವುದು ಬೇರೆ. ಮಳೆಗಾಲಕ್ಕೆಂದು ನಮ್ಮ ಹಿರಿಯರು ಮಾಡಿಟ್ಟದ್ದರಲ್ಲಿ ಹೆಚ್ಚಿನದು ನೀರು ತೆಗೆಯುವ ಕೆಲಸವೇ. ಹಲಸಿನ ಹಪ್ಪಳ, ಮಾವಿನ ರಸ ಒಣಗಿಸಿದ ಮಾಂಬಳ, ಸಂಡಿಗೆ, ಒಣಗಿಸಿದ ಪುನರ್ಪುಳಿ ಸಿಪ್ಪೆ. ವಿಮಾನ ಕಾಣದ ಅಜ್ಜಿಯಂದಿರು ಕೈಚೀಲಕ್ಕೆ ಹೇಳಿ ಮಾಡಿಸಿದ ತಿಂಡಿಗಳನ್ನು ಅಂಗಳದಲ್ಲಿ ಒಣಹಾಕುತ್ತಿದ್ದರು. ಒಂದೇ ಮರದ ಹಲಸು. ಹಪ್ಪಳವಾದರೆ ನಿಮ್ಮ ಸೀಟಿನವರೆಗೂ ಬರುತ್ತದೆ, ಬೆರಟಿಯಾದರೆ ಪೆಟ್ಟಿಗೆಗೆ, ಉಪ್ಪುನೀರಲ್ಲಿ ಹಾಕಿಟ್ಟ ಉಪ್ಪುಸೊಳೆಯಾದರೆ ಅದೂ ಪೆಟ್ಟಿಗೆಗೆ, ಮೇಲೆ ನಾಲ್ಕು ಸುತ್ತು ಟೇಪು.

ಹಾಗಾದರೆ ಒಣಗಿಸಿದರೆ ಸಾಕು ಅಂದುಕೊಂಡವರಿಗೆ ಕೊಬ್ಬರಿ ಕಾದು ಕುಳಿತಿರುತ್ತದೆ. ಅದರಲ್ಲಿ ಹನಿ ನೀರಿಲ್ಲ. ಆದರೆ ಎಣ್ಣೆ ತುಂಬಿದೆ, ಬೇಗ ಬೆಂಕಿ ಹಿಡಿಯುವ ವಸ್ತು ಅಂತ ದೊಡ್ಡ ಪೆಟ್ಟಿಗೆಯಲ್ಲೂ ಹಾಕುವಂತಿಲ್ಲ. 1916ರಿಂದ ತೆಂಗಿನ ಸಂಶೋಧನೆ ನಡೆಯುತ್ತಿರುವ ಊರು ನಮ್ಮದು. ಎಳನೀರು ದ್ರವ, ಎಣ್ಣೆ ದ್ರವ, ಒಣಗಿದರೆ ಬೆಂಕಿ! ತೆಂಗಿನ ಮರಕ್ಕೆ ಇದಕ್ಕಿಂತ ದೊಡ್ಡ ಅವಮಾನ ಬೇಡ.

ಆದರೂ ಅದಕ್ಕೆ ಮರ್ಯಾದೆ ಸಿಕ್ಕಿದ್ದೂ ಉಂಟು. 2022ರಲ್ಲಿ ಶಬರಿಮಲೆ ಯಾತ್ರೆಯ ಸಮಯಕ್ಕೆ ಇರುಮುಡಿಯ ತೆಂಗಿನಕಾಯಿಯನ್ನು ಕೈಯಲ್ಲೇ ಒಯ್ಯಲು ವಿಮಾನಯಾನ ಭದ್ರತಾ ಇಲಾಖೆ ವಿಶೇಷ ಅನುಮತಿ ಕೊಟ್ಟಿತು, ತಪಾಸಣೆ ಆದ ಮೇಲೆ. ಅಯ್ಯಪ್ಪನ ಶಿಫಾರಸು ಅಂದರೆ ಸುಮ್ನೆ ಅಲ್ಲ.

ಈಗ ಹೊಸ ಸ್ಕ್ಯಾನರ್‌ಗಳು ಬರುತ್ತಿವೆ. ಆಸ್ಪತ್ರೆಯ ಸಿ.ಟಿ. ಸ್ಕ್ಯಾನಿನ ಹಾಗೆ ಚೀಲವನ್ನು ಎಲ್ಲ ಕಡೆಯಿಂದ ನೋಡಿ, ಒಳಗಿನ ದ್ರವ ಎಂಥದ್ದು ಅಂತ ತಿಳಿಯುತ್ತವೆ. ಎಡಿನ್‌ಬರೋದಲ್ಲಿ 2025ರಿಂದ ಎರಡು ಲೀಟರಿನ ಬಾಟಲಿಯನ್ನೂ ಬಿಡುತ್ತಾರೆ. ಈ ಸುದ್ದಿ ಅಜ್ಜಿಗೆ ಯಾರೂ ಹೇಳಬೇಡಿ. ಹೇಳಿದರೆ ಮುಂದಿನ ಸಲ ಎರಡು ಲೀಟರ್ ತುಪ್ಪವನ್ನು ಮಡಿಲಲ್ಲಿಟ್ಟುಕೊಂಡು ದುಬೈವರೆಗೆ ಹೋಗಬೇಕಾದೀತು.