ಹೋದ ಪುಟ್ಟ, ಬಂದ ಪುಟ್ಟ, ಕೊರಳಲ್ಲಿ ಬ್ಯಾಡ್ಜು

ಹಾಡುಗಾರ ಬೇರೆ ದೇಶಕ್ಕೆ ಹೋದರೆ ಅಲ್ಲೂ ಹಾಡುತ್ತಾನೆ. ಕಳ್ಳ ಹೋದರೆ ಅಲ್ಲೂ ಕದಿಯುತ್ತಾನೆ. ಆ ಕಳ್ಳನನ್ನು ಬಿಡಿಸೋಣ ಅಂತ ಹಿಂದೆಯೇ ಹೋದ ವಕೀಲ ಮಾತ್ರ ಅಲ್ಲಿನ ಕೋರ್ಟಿನಲ್ಲಿ ಸಾಮಾನ್ಯವಾಗಿ ಬಾಯಿ ಬಿಡುವ ಹಾಗಿಲ್ಲ. ಅವನ ಸನ್ನದು ಗಡಿ ದಾಟುವುದಿಲ್ಲ.

ಹಾಗಾಗಿಯೇ ಇರಬೇಕು, ವಕೀಲರಿಗೆ ಅಂತಾರಾಷ್ಟ್ರೀಯ ತರಬೇತಿ, ವಿನಿಮಯ ಕಾರ್ಯಕ್ರಮ ಅಂತ ನಡೆಸುವವರು ಇಷ್ಟು ಜಾಸ್ತಿ. ಇಳಿಯಲು ಬಿಡದ ಕೆರೆಯ ದಡದಲ್ಲಿ ಕೂರಿಸಿ ಈಜು ಕಲಿಸುವ ವ್ಯವಸ್ಥೆ ಇದು. (ಯುರೋಪಿಯನ್ ಒಕ್ಕೂಟದವರನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಅವರಿಗೆ 1998ರ ನಿರ್ದೇಶನವೊಂದಿದೆ, ಒಕ್ಕೂಟದ ಇನ್ನೊಂದು ದೇಶದಲ್ಲಿ ನೋಂದಾಯಿಸಿಕೊಂಡು ನಿಜವಾಗಿಯೂ ಕೆಲಸ ಮಾಡಬಹುದು. ಉಳಿದವರ ಪಾಲಿಗೆ ಗ್ರೂಪ್ ಫೋಟೊ.)

ಶುರುವಾಗುವುದು ಅರ್ಜಿಯಿಂದ. 'ನಿಮ್ಮ ದೇಶದ ನ್ಯಾಯ ವ್ಯವಸ್ಥೆಯನ್ನು ಹೇಗೆ ಬದಲಿಸುವಿರಿ, 500 ಪದಗಳಲ್ಲಿ ತಿಳಿಸಿ.' ಬರೀ ವಾಯಿದೆ ಕೇಳಲು ಆರು ಪುಟ ಬರೆಯುವ ಮನುಷ್ಯ ಇಡೀ ನ್ಯಾಯ ವ್ಯವಸ್ಥೆಯನ್ನು 500 ಪದಗಳಲ್ಲಿ ರಿಪೇರಿ ಮಾಡಿ ಕಳಿಸುತ್ತಾನೆ. ಜೊತೆಗೆ ಎರಡು ಶಿಫಾರಸು ಪತ್ರ. ಬರೆಯುವವನು ಅವನೇ, ಸಹಿ ಮಾತ್ರ ಸೀನಿಯರದ್ದು. ಆಯ್ಕೆಯಾಗುವವನು ಆ ಸೀನಿಯರ್ ಮಗ. ಇರಲಿ ಬಿಡಿ, ಅದು ಎಲ್ಲ ಕಡೆ ಇರುವ ಕಥೆ.

ಹೇಗೋ ಆಯ್ಕೆಯಾಗಿ ಹೋದವನಿಗೆ ಮುಂದಿನದು ಕೋರ್ಟ್ ಭೇಟಿ. ಯುರೋಪಿನ ಹಲವು ದೇಶಗಳಲ್ಲಿ ನ್ಯಾಯಾಧೀಶರೇ ಸಾಕ್ಷಿಯನ್ನು ಪ್ರಶ್ನೆ ಕೇಳುವ ಪದ್ಧತಿ, ವಕೀಲ ಮಧ್ಯೆ ಮಧ್ಯೆ ಒಂದೆರಡು ಕೇಳಿದರೆ ಹೆಚ್ಚು. ನಮ್ಮವನೋ ಪಾಟೀ ಸವಾಲಿನಲ್ಲಿ ಹುಲಿ, ಸಾಕ್ಷಿಯ ಬೆವರಿಳಿಸಿಯೇ ಹೆಸರು ಮಾಡಿದವನು, ಈಗ ಕಿವಿಗೆ ಅನುವಾದದ ಇಯರ್‌ಫೋನ್ ಸಿಕ್ಕಿಸಿಕೊಂಡು ಹಿಂದಿನ ಬೆಂಚಿನಲ್ಲಿ ಚಡಪಡಿಸುತ್ತಾ ಕೂತಿದ್ದಾನೆ. ವರದಿಯಲ್ಲಿ ಮಾತ್ರ 'ಎರಡು ಪದ್ಧತಿಗಳ ಫಲಪ್ರದ ಸಂವಾದ' ಅಂತ ಬರುತ್ತದೆ. ಸಂವಾದ ನಡೆದದ್ದು ಕಾಫಿ ಮೆಷಿನ್ ಹತ್ತಿರ, ಹಾಲು ಎಲ್ಲಿದೆ ಅಂತ.

ವಿನಿಮಯ ಅಂದಮೇಲೆ ಅಲ್ಲಿನವನೊಬ್ಬ ಇಲ್ಲಿಗೂ ಬರಬೇಕಲ್ವಾ? ಬರುತ್ತಾನೆ. ಅವನನ್ನು ಲೈಬ್ರರಿಯಲ್ಲಿ ಕೂರಿಸುತ್ತಾರೆ.

ಇನ್ನು ನೆದರ್ಲೆಂಡ್ಸ್‌ನ ಹೇಗ್. ಅಲ್ಲಿನ ಶಾಂತಿ ಅರಮನೆಯಲ್ಲಿ 1923ರಿಂದ ಅಂತಾರಾಷ್ಟ್ರೀಯ ಕಾನೂನಿನ ಅಕಾಡೆಮಿಯೊಂದು ಬೇಸಿಗೆ ಕೋರ್ಸ್ ನಡೆಸುತ್ತಿದೆ. ಪಾಪ, ಅವರು ಪ್ರಾಮಾಣಿಕರು. ತಪ್ಪದೆ ಬಂದು ಕೂತವರಿಗೆ ಹಾಜರಾತಿಯ ಸರ್ಟಿಫಿಕೇಟು ಬೇರೆ, ಪರೀಕ್ಷೆ ಗೆದ್ದವರಿಗೆ ಡಿಪ್ಲೊಮಾ ಬೇರೆ. ಡಿಪ್ಲೊಮಾ ದಕ್ಕುವುದು ಬೆರಳೆಣಿಕೆಯ ಮಂದಿಗೆ. ಆದರೆ ನಮ್ಮವನ ವಿಸಿಟಿಂಗ್ ಕಾರ್ಡಿಗೆ ಇಂಥ ಸೂಕ್ಷ್ಮವೆಲ್ಲ ಹಿಡಿಸುವುದಿಲ್ಲ. ಅದರಲ್ಲಿ ದಪ್ಪ ಅಕ್ಷರದಲ್ಲಿ 'ಹೇಗ್' ಅಂತಷ್ಟೇ ಇದೆ. ಹೇಗ್‌ನಲ್ಲಿ ಏನು ಅಂತ ಕೇಳುವ ಕಕ್ಷಿದಾರ ಇನ್ನೂ ಹುಟ್ಟಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆರ್ಬಿಟ್ರೇಷನ್ ತರಬೇತಿ, ಅಂದರೆ ಕೋರ್ಟಿನ ಹೊರಗೆ ಎರಡೂ ಕಡೆಯವರು ಒಪ್ಪಿದ ಮಧ್ಯಸ್ಥಗಾರ ವ್ಯಾಜ್ಯ ತೀರ್ಮಾನಿಸುವ ವಿದ್ಯೆ. 1958ರ ನ್ಯೂಯಾರ್ಕ್ ಒಪ್ಪಂದ ಅಂತ ಒಂದಿದೆ. ಒಂದು ದೇಶದಲ್ಲಿ ಕೊಟ್ಟ ಆರ್ಬಿಟ್ರೇಷನ್ ತೀರ್ಪನ್ನು 170ಕ್ಕೂ ಹೆಚ್ಚು ದೇಶಗಳ ಕೋರ್ಟುಗಳು ಸಾಮಾನ್ಯವಾಗಿ ಮಾನ್ಯ ಮಾಡಬೇಕು. ಸುಮ್ನೆ ಯೋಚಿಸಿ. ವಿಚಾರಣೆಯಲ್ಲಿ ವಾದಿಸಲು ಹೊರಗಿನ ವಕೀಲನಿಗೂ ಬಹುತೇಕ ಕಡೆ ಅವಕಾಶವಿದೆ, ಸರಿ, ವಾದಿಸಿ ಗೆದ್ದ. ಆಮೇಲೆ ಆ ಕಾಗದ ಜಗತ್ತೆಲ್ಲ ಸುತ್ತಿ ಕೋರ್ಟಿನ ಒಳಗೂ ಹೋಗುತ್ತದೆ, ಗೆದ್ದವನು ಹೊರಗಿನ ಬೆಂಚಿನಲ್ಲಿ ಕೂತು ಸ್ಥಳೀಯ ವಕೀಲನಿಗೆ ಫೋನ್ ಮಾಡುತ್ತಾನೆ. ತೀರ್ಪಿಗೆ ಇರುವ ಮರ್ಯಾದೆ ತೀರ್ಪು ತಂದವನಿಗಿಲ್ಲ.

ಮರಳಿ ಬಂದವನ ಮುಂದೆ ಈಗ ಬಾಡಿಗೆ ಮನೆ ಖಾಲಿ ಮಾಡಿಸುವ ಕೇಸು. ಒಂಬತ್ತನೇ ವರ್ಷ. 'ಸ್ವಾಮಿ, ನಾನು ಹೇಗ್‌ನಲ್ಲಿದ್ದಾಗ...' ಅಂತ ಶುರು ಮಾಡುತ್ತಾನೆ. ನ್ಯಾಯಾಧೀಶರು ಕನ್ನಡಕ ತೆಗೆದು, 'ಹೌದು, ನೀವು ಅಲ್ಲಿದ್ದಿರಿ ಅಂತಲೇ ಹಿಂದಿನ ಎರಡು ವಾಯಿದೆ ಹೋಯಿತು. ಇವತ್ತು ವಾದ ಮಾಡುತ್ತೀರಾ?' ಅಂದರು.

ಮುಂದಿನ ತಿಂಗಳು ಕೊಡಿ ಅಂದ. ಹತ್ತರಿಂದ ಹದಿನೈದು ಬಿಟ್ಟು. ಆ ವಾರ ತ್ವರಿತ ನ್ಯಾಯದಾನದ ಬಗ್ಗೆ ಅವನಿಗೆ ವಿದೇಶದಲ್ಲಿ ಭಾಷಣವಿದೆ.