ಪಿನ್ ಕೂತರೆ ಮುಗಿಯಿತಾ?

ಈಗ ತಾನೇ ನನ್ನ ರಿಪೇರಿ ಅಂಗಡಿ ಬಾಗಿಲು ಹಾಕಿ ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಊಟಕ್ಕೆ ಕೂರುವ ಮೊದಲು ಬರೆದುಬಿಡುತ್ತೇನೆ.

ಸಂಜೆ ಸಪ್ತಾಪುರದ ಹುಡುಗನೊಬ್ಬ ಬಂದಿದ್ದ. ಎಂಟನೇ ಕ್ಲಾಸ್ ಇರಬೇಕು. ಟವೆಲ್ಲಿನಲ್ಲಿ ಸುತ್ತಿಕೊಂಡು ತಂದದ್ದು ಸೂಪರ್ ಫ್ಯಾಮಿಕಾಮ್, ಟಿವಿಗೆ ಹಚ್ಚಿ ಆಡುವ ವಿಡಿಯೋ ಗೇಮ್ ಸೆಟ್ಟು. ಒಸಾಕಾದಲ್ಲಿರುವ ಸೋದರಮಾವ ರಜೆಗೆ ಬಂದಾಗ ಕೊಟ್ಟದ್ದಂತೆ. ನಿಂಟೆಂಡೊ ಕಂಪನಿ ಅದನ್ನು ಜಪಾನಿನಲ್ಲಿ ಬಿಟ್ಟದ್ದು 1990ರಲ್ಲಿ. ಅಷ್ಟು ಹಳೆಯ ಸೆಟ್ಟು, ಮೈಮೇಲೆ ಒಂದು ಗೀರಿಲ್ಲ. ಜೊತೆಗಿದ್ದ ಅಡಾಪ್ಟರ್ ಮಾತ್ರ ಒಂದು ಬದಿ ಕರಗಿ ಉಬ್ಬಿತ್ತು. ಮೂಗಿನ ಹತ್ತಿರ ಹಿಡಿದೆ. ಸುಟ್ಟ ವಾರ್ನಿಷ್ ವಾಸನೆ. ಒಳಗಿನ ತಂತಿಯ ಸುರುಳಿ, ಅಂದರೆ ಕಾಯಿಲ್, ಹೋಗಿದೆ.

"ಕಾಕಾ, ನಾ ಏನೂ ತಪ್ಪ ಮಾಡಿಲ್ರೀ. ಅಂಗಡ್ಯಾಗ ಕೇಳೇ ಹಚ್ಚೇನ್ರಿ" ಅಂದ. ಕಣ್ಣು ತುಂಬಿತ್ತು.

ಹೌದು, ಕೇಳಿಯೇ ಹಚ್ಚಿದ್ದಾನೆ. ಜಪಾನಿನ ಪ್ಲಗ್ಗಿಗೆ ಎರಡು ಚಪ್ಪಟೆ ಪಟ್ಟಿ, ನಮ್ಮ ಸಾಕೆಟ್ಟಿಗೆ ಕೂರುವುದಿಲ್ಲ. ಬೇರೊಂದು ಅಂಗಡಿಯವರು ಒಂದು ಕನ್ವರ್ಟರ್ ಪಿನ್ ಕೊಟ್ಟು, "ಪಿನ್ ಕುಂತ್ರ ಮುಗೀತು, ನಡೀತೈತಿ" ಅಂತ ಕಳಿಸಿದ್ದಾರೆ. ಆ ಹೆಸರೇ ಮೊದಲ ಮೋಸ. ಅದು ಏನನ್ನೂ ಕನ್ವರ್ಟ್ ಮಾಡುವುದಿಲ್ಲ. ಪಿನ್ನಿನ ಆಕಾರ ಬದಲಾಯಿತು ಅಷ್ಟೇ, ಒಳಗೆ ಹರಿಯುವುದು ಅದೇ 230 ವೋಲ್ಟ್.

ಜಪಾನಿನ ಮನೆಗಳಲ್ಲಿ ಬರುವುದು 100 ವೋಲ್ಟ್. ಅಲ್ಲಿ ಟೋಕಿಯೋ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. ಅಡಾಪ್ಟರ್ ಎರಡಕ್ಕೂ ಒಗ್ಗುತ್ತದೆ, ಹಾಗಾಗಿ ಹರ್ಟ್ಸಿನ ತಲೆಬಿಸಿ ಬೇಡ. ಕೊಲ್ಲುವುದು ವೋಲ್ಟ್. ಹಳೆಯ ಅಡಾಪ್ಟರಿನ ಒಳಗೆ ಕಬ್ಬಿಣದ ಕೋರಿನ ಟ್ರಾನ್ಸ್‌ಫಾರ್ಮರ್ ಇರುತ್ತದೆ. 100ಕ್ಕೆ ಸುತ್ತಿದ ಕಾಯಿಲ್‌ಗೆ 230 ಕೊಟ್ಟರೆ ಕೋರ್ ತಡೆಯುವುದಿಲ್ಲ, ಕರೆಂಟು ಮಿತಿಮೀರಿ ಎಳೆಯುತ್ತದೆ, ಕಾಯಿಲ್ ಕಾದು ಸುಡುತ್ತದೆ. ಹುಡುಗನ ಅಡಾಪ್ಟರಿನ ಬೆನ್ನ ಮೇಲೆ ಜಪಾನಿ ಅಕ್ಷರ ಇದೆ, ಒಪ್ಪುತ್ತೇನೆ. ಆದರೆ 100 ಅನ್ನುವ ಅಂಕಿ ಎಲ್ಲರಿಗೂ ಓದಲು ಬರುತ್ತದೆ ಅಲ್ವಾ? ತಿರುಗಿಸಿ ನೋಡಲು ಎಷ್ಟು ಹೊತ್ತು ಬೇಕು?

ನನಗೆ ಇಷ್ಟು ಸಿಟ್ಟು ಬರಲು ಇನ್ನೊಂದು ಕಾರಣ ಇದೆ. ಯಾರಿಗೂ ಹೇಳಿರಲಿಲ್ಲ. ಐಟಿಐ ಮೊದಲ ವರ್ಷದಲ್ಲಿ ನಾನೂ ಇದನ್ನೇ ಮಾಡಿದೆ. ದೊಡ್ಡಪ್ಪ ಜಪಾನಿನಿಂದ ತರಿಸಿದ್ದ ಟೇಪ್ ರೆಕಾರ್ಡರ್. ಧಾರವಾಡ ಆಕಾಶವಾಣಿಯ ಹಾಡಿಕೆ ಹಿಡಿದಿಡಬೇಕೆಂದು ಆಸೆಯಿಂದ ಇಟ್ಟುಕೊಂಡಿದ್ದರು. ನಾನು ಪಿನ್ ಬದಲಾಯಿಸಿ ನೇರ ಹಚ್ಚಿದೆ. ದೊಡ್ಡಪ್ಪ ಬೈಯಲಿಲ್ಲ. ಅರಿವೆಯಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟರು. ಬೈದಿದ್ದರೆ ಇಷ್ಟು ವರ್ಷ ಚುಚ್ಚುತ್ತಿರಲಿಲ್ಲ.

"ಈಗೆಲ್ಲ 100ರಿಂದ 240ರವರೆಗೂ ನಡೆಯುತ್ತೆ, ಸುಮ್ನೆ ಹೆದರಿಸಬೇಡಿ" ಅಂತ ಯಾರಾದರೂ ಕಾಮೆಂಟ್ ಹಾಕುತ್ತೀರಿ. ನಿಂಟೆಂಡೊದವರದೇ ಈಚಿನ ಗೇಮ್ ಸೆಟ್ಟು 'ಸ್ವಿಚ್', ಅದರ ಅಡಾಪ್ಟರ್ ಹಾಗೆಯೇ ಇದೆ, ಅದಕ್ಕೆ ಪಿನ್ ಬದಲಾದರೆ ಸಾಕು. ಆದರೆ ಅದು ಗೊತ್ತಾಗುವುದೂ ಬೆನ್ನ ಮೇಲಿನ ಸಾಲು ಓದಿದಾಗಲೇ. ಓದದೆ ಹಚ್ಚುವವರಿಗೆ ಸ್ವಿಚ್ಚೂ ಒಂದೇ, ಸೂಪರ್ ಫ್ಯಾಮಿಕಾಮೂ ಒಂದೇ.

ನಮ್ಮ 230 ವೋಲ್ಟನ್ನು ಇಳಿಸಿಕೊಡುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಕೊಳ್ಳುವುದಾದರೆ 100 ವೋಲ್ಟಿನದೇ ಕೇಳಿ. ನಮ್ಮಲ್ಲಿ ಸಲೀಸಾಗಿ ಸಿಗುವುದು ಅಮೆರಿಕದ ಸಾಮಾನಿಗೆಂದು ಮಾಡಿದ 110ರದು. ರಾತ್ರಿ ಲೈನ್ 250ಕ್ಕೆ ಏರಿದರೆ ಆ 110 ಹೋಗಿ 119 ದಾಟುತ್ತದೆ. ಹೇರ್ ಡ್ರೈಯರ್‌ಗೆಂದು ಮಾರುವ ಹಗುರ ಕನ್ವರ್ಟರ್ ಅಂತೂ ಮುಟ್ಟಲೇಬೇಡಿ. ಸೂಪರ್ ಫ್ಯಾಮಿಕಾಮಿಗೆ ನಾನು ಹೇಳುವುದು ನಮ್ಮ 230ಕ್ಕೇ ಆಗುವ ಬೇರೆ ಅಡಾಪ್ಟರ್. 10 ವೋಲ್ಟ್ ಡಿಸಿ, 850 ಮಿಲಿ ಆಂಪಿಯರ್‌ಗೆ ಕಡಿಮೆ ಇರಬಾರದು. ಇಲ್ಲೂ ಪಿನ್ ಕೂತಿತು ಅಂತ ನಂಬಬೇಡಿ. ಇದರ ಜ್ಯಾಕಿನಲ್ಲಿ ನಡುವೆ ಮೈನಸ್, ಹೊರಗೆ ಪ್ಲಸ್. ಪೇಟೆಯಲ್ಲಿ ಸಿಗುವ ಜಾಸ್ತಿ ಅಡಾಪ್ಟರ್‌ಗಳಲ್ಲಿ ಇದು ಉಲ್ಟಾ.

ಹುಡುಗನ ಸೆಟ್ಟಿಗೆ ನನ್ನ ಟೇಬಲ್ಲಿನ ಪವರ್ ಸಪ್ಲೈಯಿಂದ 10 ವೋಲ್ಟ್ ಕೊಟ್ಟು ನೋಡಿದೆ. ಕೆಂಪು ದೀಪ ಹತ್ತಿತು. ಸೆಟ್ಟು ಉಳಿದಿದೆ. ಅವನು ಉಸಿರು ಬಿಟ್ಟದ್ದು ನನಗೆ ಕೇಳಿಸಿತು.

ಕರಗಿದ ಅಡಾಪ್ಟರ್ ಮಾತ್ರ ನನ್ನ ಹತ್ತಿರವೇ ಇಟ್ಟುಕೊಂಡಿದ್ದೇನೆ. ನಾಳೆ ಬೆಳಿಗ್ಗೆ ಆ ಅಂಗಡಿಗೆ ಹೋಗಿ, ಅವರ ಕೌಂಟರ್ ಮೇಲೆ ಇಟ್ಟು, ಆ ಅಂಕಿಯ ಮೇಲೆ ಬೆರಳಿಟ್ಟು ತೋರಿಸುತ್ತೇನೆ.